ಕಟ್ಟಿಗೆ ತಂದವನು ಕೆಂಡ ಒಯ್ದ

"ಅಪ್ಪಾವರೇ, ಮುದುಕರನ್ನು ನೋಡಿಕೊಳ್ಳುವುದು ಎಂದರೆ ಬರೀ ಕೊಡುವುದೇ? ಕೊಟ್ಟವನಿಗೆ ತಿರುಗಿ ಬರುವುದು ಏನೂ ಇಲ್ಲವೇ?"

ಕೇಳಿದವನು ಮಠದ ಶಿಷ್ಯ ಅಡಿವೆಪ್ಪ. ಮಠದ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ಕರಿಬಸಜ್ಜ ಈಗ ಕಾಲು ಸೋತು ಮೂಲೆಯ ಕೋಣೆಯಲ್ಲಿ ಮಲಗಿದ್ದ. ಅವನ ಚಾಕರಿ ಅಡಿವೆಪ್ಪನ ಪಾಲಿಗೆ ಬಂದಿತ್ತು. ಅಜ್ಜನನ್ನು ಪೇಟೆಯಲ್ಲಿರುವ ದೂರದ ನೆಂಟರ ಮನೆಗೆ ಕಳಿಸಿಬಿಡೋಣ ಎಂದು ಕೇಳುವುದಕ್ಕೇ ಅವನು ಗುರುಗಳ ಬಳಿಗೆ ಬಂದಿದ್ದ.

"ಬಿಸಿನೀರು ಕೊಡುತ್ತೇನೆ, ಗಂಜಿ ಕೊಡುತ್ತೇನೆ, ಕಾಲು ಒತ್ತಿಕೊಡುತ್ತೇನೆ. ಅಜ್ಜನೋ, ಕೋಳಿ ಕೂಗುವ ಮೊದಲೇ 'ಎದ್ದೆಯೇನೋ ಅಡಿವೆಪ್ಪಾ' ಎಂದು ಕೂಗುತ್ತಾನೆ. ಹೊತ್ತು ಹೊತ್ತಿಗೆ 'ಉಂಡೆಯೇನೋ' ಎಂದು ತಲೆ ತಿನ್ನುತ್ತಾನೆ. ಪೇಟೆಯ ಮಾತೆತ್ತಿದರೆ ಅಳುತ್ತಾನೆ. ಕೊಟ್ಟು ಕೊಟ್ಟು ನನಗೂ ಸಾಕಾಗಿದೆ" ಎಂದ.

ಗುರುಗಳು ಹುಬ್ಬು ಗಂಟಿಕ್ಕಿದರು. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. "ಮೊದಲು ಕೂತುಕೋ. ನಿಂತು ಕೇಳಿದರೆ ಅರ್ಧ ಕತೆ ಕಾಲಿಗೇ ಇಳಿದುಹೋಗುತ್ತದೆ" ಎಂದರು. ಆಮೇಲೆ ಹೇಳತೊಡಗಿದರು.

ಬಡಗಣ ದೇಶದಲ್ಲಿ, ವರ್ಷದ ಅರ್ಧ ಹಿಮ ಬೀಳುವ ಬೆಟ್ಟದ ಮೇಲೆ ಒಂದು ಊರಿತ್ತು. ಊರು ಎಂದಾಕ್ಷಣ ದೊಡ್ಡದು ಅಂದುಕೊಳ್ಳಬೇಡ. ಈ ತುದಿಯಲ್ಲಿ ಕೂಸು ಸೀನಿದರೆ ಆ ತುದಿಯವರು 'ನೂರು ವರ್ಷ ಬಾಳು' ಅನ್ನುವಷ್ಟು ಊರು. ಅಲ್ಲಿ ಒಂದು ಕಟ್ಟಳೆಯಿತ್ತು. ತನ್ನ ಒಲೆಗೆ ತಾನೇ ಕಟ್ಟಿಗೆ ಒಡೆಯಲಾರದಷ್ಟು ಮುಪ್ಪಾದವರನ್ನು ಹಿಮ ಬೀಳುವ ಮೊದಲು ಕೆಳಗಿನ ಪೇಟೆಯ ಛತ್ರಕ್ಕೆ ಸಾಗಿಸುತ್ತಿದ್ದರು. ಛತ್ರ ಕೆಟ್ಟದ್ದೇನಲ್ಲ. ಅಲ್ಲಿ ಬೆಚ್ಚಗಿತ್ತು, ಹೊಟ್ಟೆ ತುಂಬ ಊಟವಿತ್ತು. ಆದರೂ ಹೋದವರು ಬಹಳ ದಿನ ಬಾಳುತ್ತಿರಲಿಲ್ಲ. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಒಂದು ಸಲ ಒಬ್ಬ ಮುದುಕಿಯ ಸರದಿ ಬಂತು. ಅವಳೇನು ಅಂಥ ಸಾಧ್ವಿಯಲ್ಲ, ಬಾಯಿ ಜೋರು. "ನಾನು ಬರುವುದಿಲ್ಲ. ಬೈಯುವುದಕ್ಕಾದರೂ ನನಗೆ ಗುರುತಿನವರು ಬೇಕು" ಎಂದು ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟಳು. ಎತ್ತಲು ಹೋದವನ ಕೈ ಕಚ್ಚಿದಳಂತೆ. ಊರವರು ಸೋತರು. ಸೋತು, ಊರ ನಡುವೆ ಒಂದು ಮನೆ ಕಟ್ಟಿದರು. ಮುಪ್ಪಿನವರೆಲ್ಲ ಅಲ್ಲಿ ಒಂದೇ ಒಲೆಯ ಸುತ್ತ ಇರಲಿ, ಮನೆಗೊಂದು ಕೊರಡಿನಂತೆ ದಿನವೂ ಬೆಳಿಗ್ಗೆ ಕಟ್ಟಿಗೆ ತಂದಿಡೋಣ ಎಂದು ಎಲ್ಲರೂ ಒಪ್ಪಿದರು. ಒಬ್ಬ ತಪ್ಪಿದರೂ ಒಪ್ಪಂದ ಮುರಿದಂತೆ, ಆಗ ಮುದುಕರು ಪೇಟೆಗೇ ಎಂದೂ ಮಾತಾಯಿತು.

ಮುದುಕರಿಗೆ ನಿದ್ದೆಯೆಲ್ಲಿ? ರಾತ್ರಿಯೆಲ್ಲ ಕೂತು ಒಲೆ ಕೆದಕುತ್ತಿದ್ದರು. ಬೆಂಕಿಪೊಟ್ಟಣ ಕಾಣದ ಕಾಲ ಅದು. ಚಕಮಕಿ ಎಷ್ಟು ಕುಟ್ಟಿದರೂ ಥಂಡಿ ಹಿಡಿದ ಅರಳೆಗೆ ಕಿಡಿ ಹತ್ತುತ್ತಿರಲಿಲ್ಲ. ಹಾಗಾಗಿ ಕಟ್ಟಿಗೆ ತಂದವರು ತಿರುಗಿ ಹೋಗುವಾಗ ಮಡಕೆಯಲ್ಲಿ ನಾಲ್ಕು ಕೆಂಡ ಒಯ್ಯುವುದು ರೂಢಿಯಾಯಿತು. ರೂಢಿಯಾದ ಮೇಲೆ ಯಾರೂ ತಮ್ಮ ಮನೆಯಲ್ಲಿ ರಾತ್ರಿ ಬೆಂಕಿ ಆರದಂತೆ ಎದ್ದು ಕಾಯಲಿಲ್ಲ. ಎಲ್ಲರೂ ಕಾಲು ಚಾಚಿ ಮಲಗತೊಡಗಿದರು. ಈ ನಿದ್ದೆ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಬಂದ ನಿದ್ದೆಯ ಊರು ಕೇರಿ ಯಾರು ವಿಚಾರಿಸುತ್ತಾರೆ?

ಆ ಊರಲ್ಲಿ ಒಬ್ಬ ರೈತನಿದ್ದ. ಮೈಮುರಿದು ದುಡಿಯುವವನು, ಸುಳ್ಳಾಡುವವನಲ್ಲ. ಆದರೆ ಕೊಟ್ಟದ್ದನ್ನು ಮರೆಯುವ ಗುಣ ಮಾತ್ರ ಅವನಿಗಿರಲಿಲ್ಲ. ಕೊರಡು ಇಳಿಸುವಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದ. ಮುದುಕಿಯೂ ಸುಮ್ಮನಿರುವವಳಲ್ಲ. "ಹಸಿ ಕಟ್ಟಿಗೆ ತಂದಿದ್ದೀಯಲ್ಲೋ, ಇದು ಒಲೆಗೋ ನನ್ನ ಕಣ್ಣಿಗೋ?" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಮಡಕೆಗೆ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, "ಸೊಸೆಗೆ ದಿನ ತುಂಬಿತೇ?" ಎಂದು ಕೇಳುತ್ತಿದ್ದಳು. ರೈತ ಹೂಂ ಅಂದು ಮಡಕೆ ಎತ್ತಿಕೊಳ್ಳುತ್ತಿದ್ದ. "ಕೊಡು, ಕೊಡು, ಬಾಳೆಲ್ಲ ಇದೇ ಆಯಿತು" ಎಂದು ದಾರಿಯುದ್ದ ಗೊಣಗುತ್ತ ಮನೆ ಸೇರುತ್ತಿದ್ದ. ಎಲಾ ಇವನ! ಕೈಯಲ್ಲಿ ಬಿಸಿ ಮಡಕೆ, ಬಾಯಲ್ಲಿ ಆ ಮಾತು.

ಒಂದು ವರ್ಷ ಹಿಮ ಬೇಗ ಬಿತ್ತು. ಕಟ್ಟಿಗೆಗೆ ದೂರ ಹೋಗಬೇಕಾಯಿತು. ರೈತ ಊರವರನ್ನು ಸೇರಿಸಿ, "ನನ್ನ ಸೊಸೆ ಹೆತ್ತಿದ್ದಾಳೆ. ಕೂಸನ್ನು ಬೆಚ್ಚಗಿಡಲು ನನಗೇ ಕಟ್ಟಿಗೆ ಸಾಲದು. ನಾಳೆಯಿಂದ ನನ್ನ ಕೊರಡು ಬರುವುದಿಲ್ಲ" ಎಂದ. ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಊರವರು ಮುಖ ಮುಖ ನೋಡಿದರು. "ಒಂದು ರಾತ್ರಿ ಯೋಚಿಸು. ನಾಳೆ ನಿನ್ನ ಕೊರಡು ಬರದಿದ್ದರೆ ಕಣಿವೆಯ ದಾರಿ ಮುಚ್ಚುವ ಮೊದಲು ಮುದುಕರನ್ನು ಇಳಿಸಬೇಕಾಗುತ್ತದೆ" ಎಂದರು. ಮುದುಕಿಗೂ ಸುದ್ದಿ ಮುಟ್ಟಿತು. ಅವಳು ಆ ದಿನ ಯಾರನ್ನೂ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ರೈತ ಕೊರಡು ಹೊರಲಿಲ್ಲ. ಕೊರಡು ಹೊರದವನು ಆ ಮನೆಗೆ ಹೋಗುವುದಾದರೂ ಹೇಗೆ? ಹೋಗಲಿಲ್ಲ. ಹೆಂಡತಿ ಬಂದು ಒಲೆಯ ಮುಂದೆ ಕೂತಳು. ಒಲೆ ತಣ್ಣಗಿತ್ತು. ಹಿತ್ತಿಲಲ್ಲಿ ಕಟ್ಟಿಗೆಯೇನೋ ಇತ್ತು, ಹೊತ್ತಿಸುವ ಕಿಡಿ ಇರಲಿಲ್ಲ. ರೈತ ಚಕಮಕಿ ಕುಟ್ಟಿ ಕುಟ್ಟಿ ಬೆರಳು ಜಜ್ಜಿಕೊಂಡ. ಕೂಸು ಅಳತೊಡಗಿತು. ಅತ್ತು ಅತ್ತು ಅದರ ದನಿ ಸಣ್ಣದಾಯಿತು. "ಹೋಗಿ ಕೆಂಡ ತನ್ನಿ" ಎಂದಳು ಹೆಂಡತಿ. "ಯಾವ ಮುಖ ಹೊತ್ತುಕೊಂಡು ಹೋಗಲಿ?" ಎಂದ ಅವನು. ನೆರೆಮನೆಯ ಬಾಗಿಲಲ್ಲಿ ನಿಲ್ಲುವುದಕ್ಕೂ ಅವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ದಡದಡ ಸದ್ದಾಯಿತು. ತೆಗೆದರೆ ಮುದುಕಿ. ಮೊಣಕಾಲವರೆಗೆ ಹಿಮ ಮೆತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೆಂಡದ ಮಡಕೆ.

"ಕಟ್ಟಿಗೆ ತರಲಾರೆ ಅಂದೆ, ಸರಿ. ಕೆಂಡ ಒಯ್ಯಲು ಬರುವುದಕ್ಕೆ ಏನು ದೊಡ್ಡರೋಗ ಬಂದಿತ್ತೋ ನಿನಗೆ? ಮನೆಯಲ್ಲಿ ಬಾಣಂತಿ ಇದ್ದಾಳೆ ಅನ್ನುವ ಜ್ಞಾನ ಬೇಡವೇ?"

ಹೀಗೆ ಬೈಯುತ್ತಲೇ ಒಳಗೆ ಬಂದಳು. ಒಲೆಗೆ ಕೆಂಡ ಸುರಿದು ಊದಿದಳು. ಬೆಂಕಿ ಹತ್ತಿತು. ಕೂಸನ್ನು ತರಿಸಿ ನೋಡಿದಳು. "ಮೂಗು ಮಾತ್ರ ನಿನ್ನದೇ, ಪಾಪ" ಎಂದಳು.

ರೈತನಿಗೆ ತಡೆಯಲಾಗಲಿಲ್ಲ. "ಅಜ್ಜೀ, ನಿನ್ನನ್ನು ಪೇಟೆಗೆ ಅಟ್ಟಲು ಹೊರಟವನು ನಾನೇ ಅಲ್ಲವೇ?" ಎಂದು ಕೇಳಿದ.

"ಅದು ಬೇರೆ ಮಾತು. ಒಲೆ ಆರಿರುವುದು ಬೇರೆ ಮಾತು" ಎಂದಳು ಮುದುಕಿ.

ರೈತ ಅತ್ತುಬಿಟ್ಟ. ಗಂಡಸು, ಹೆಂಡತಿ ಸೊಸೆಯರ ಎದುರಿಗೇ ಅತ್ತ. ಆಮೇಲೆ ಹಿತ್ತಿಲಿಗೆ ಹೋಗಿ ಚೆನ್ನಾಗಿ ಒಣಗಿದ ಒಂದು ಕೊರಡು ಆರಿಸಿ ಕಂಕುಳಲ್ಲಿ ಇಟ್ಟುಕೊಂಡ. ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟ. "ಮೆಲ್ಲಗೆ ನಡೆಯೋ, ನಾನೇನು ಕಟ್ಟಿಗೆ ಹೊರೆಯೇ?" ಎಂದು ಅವಳು ದಾರಿಯುದ್ದ ರೇಗುತ್ತಿದ್ದಳು. ಊರವರು ಬಾಗಿಲಿಗೆ ಬಂದು ನೋಡಿ ನಕ್ಕರು. ಪೇಟೆಯ ಮಾತು ಅಲ್ಲಿಗೇ ಮುಗಿಯಿತು. ಮುದುಕಿ ತನ್ನ ಒಲೆಯ ಮುಂದೆ ಕೂತು, "ಈ ಕೊರಡೂ ಹಸಿ" ಎಂದಳು. ರೈತ ಆ ದಿನ ನಿಟ್ಟುಸಿರು ಬಿಡಲಿಲ್ಲ, ಮುಂದೆಯೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಇನ್ನೂ ಸಮಾಧಾನವಾಗಲಿಲ್ಲ.

"ಆ ಮುದುಕಿಯ ಬಳಿ ಕೆಂಡವಾದರೂ ಇತ್ತು, ಅಪ್ಪಾವರೇ. ನಮ್ಮ ಕರಿಬಸಜ್ಜನ ಬಳಿ ಏನಿದೆ?"

ಗುರುಗಳು ಉತ್ತರ ಕೊಡುವ ಮೊದಲೇ ಮೂಲೆಯ ಕೋಣೆಯಿಂದ ನಡುಗುವ ದನಿಯೊಂದು ಕೇಳಿತು. "ಅಡಿವೆಪ್ಪಾ, ಹೊತ್ತಾಯಿತಲ್ಲೋ. ಉಂಡೆಯೇನೋ, ಮಗಾ?"

ಮಠದಲ್ಲಿ ಅಷ್ಟು ಜನರಿದ್ದರು. ಉಂಡೆಯಾ ಎಂದು ಅವನನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಅಡಿವೆಪ್ಪ "ಬಂದೆ ಅಜ್ಜಾ" ಎನ್ನುತ್ತ ಎದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ನಕ್ಕರು.

"ಹಿಂದಿನವರು ಈ ಕೆಲಸಕ್ಕೆ 'ನೋಡಿಕೊಡುವುದು' ಎಂದು ಹೆಸರಿಡಲಿಲ್ಲ ತಮ್ಮಾ, 'ನೋಡಿಕೊಳ್ಳುವುದು' ಎಂದರು."