ದರ್ಜಿಯ ಗಾಜಿನ ತೊಟ್ಟಿ

“ಬುದ್ಧಿ, ತೊಳೆದಷ್ಟೂ ಮತ್ತೆ ಬರುವ ಕೊಳೆಯನ್ನು ಏನು ಮಾಡಬೇಕು?” ಎಂದು ಒಂದು ಸಂಜೆ ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಅವನು ಕೇಳಿದ್ದು ತನ್ನ ಸಿಟ್ಟಿನ ಬಗ್ಗೆ. ಮಠಕ್ಕೆ ಬಂದಾಗಿನಿಂದ ಅವನು ಅದನ್ನು ಬಿಡಲು ಹೆಣಗುತ್ತಿದ್ದ. ದಿನವೂ ಮಲಗುವ ಮುಂಚೆ, ಅಂದು ಎಲ್ಲೆಲ್ಲಿ ಸಿಟ್ಟು ಬಂತು ಎಂದು ನೆನೆನೆನೆದು ಹಳಹಳಿಸುತ್ತಿದ್ದ. ಅಂದು ಬೆಳಿಗ್ಗೆಯೂ ಅನ್ನ ಸೀದಿತೆಂದು ಅಡುಗೆಯ ಮಾದಯ್ಯನನ್ನು ಊಟಕ್ಕೆ ಕುಳಿತವರೆಲ್ಲರ ಮುಂದೆ ಬೈದಿದ್ದ. ಮಾದಯ್ಯ ವಯಸ್ಸಾದವನು.

“ನನಗೆ ಸಾಕಾಗಿದೆ, ಬುದ್ಧಿ. ಈ ಸಿಟ್ಟು ಹೋಗುವುದಿಲ್ಲ. ಅಪ್ಪಣೆ ಕೊಟ್ಟರೆ ಮಠ ಬಿಟ್ಟು ಊರಿಗೆ ಹೊರಡುತ್ತೇನೆ,” ಎಂದ.

ಗುರುಗಳಿಗೂ ದಣಿವಾಗಿತ್ತು. ಗೋಡೆಗೆ ಒರಗಿ ಕುಳಿತು ಹೇಳಿದರು:

ಒಬ್ಬ ದರ್ಜಿ ಇದ್ದ. ಅವನ ಮಗಳು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಳು. ಬರೀ ಮೀನಲ್ಲ, ತೊಟ್ಟಿಯ ತಳದ ಮರಳಿನಲ್ಲಿ ನೀರಿನ ಗಿಡಗಳನ್ನೂ ನೆಟ್ಟಿದ್ದಳು. ಮದುವೆಯಾಗಿ ಹೋಗುವಾಗ, “ಅಪ್ಪಾ, ನಾನು ಗೌರಿ ಹಬ್ಬಕ್ಕೆ ಬರೋವರೆಗೂ ಇವನ್ನ ನೋಡ್ಕೋ,” ಎಂದಳು. ದರ್ಜಿ ಆಗಲಿ ಎಂದ. ತೊಟ್ಟಿಯನ್ನು ಅಂಗಡಿಗೆ ತಂದು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡ.

ಸ್ವಲ್ಪ ದಿನಕ್ಕೆ ಗಾಜಿನ ಮೇಲೆ ಪಾಚಿ ಕಂಡಿತು. ಪಾಚಿ ಎಂದರೆ ನಿನಗೆ ಗೊತ್ತು, ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಸಿರು. ಅದೇ. ದರ್ಜಿ ಅದನ್ನು ಉಜ್ಜಿ ತೆಗೆದ. ಮತ್ತೆ ಬಂತು. ನೀರು ಬದಲಾಯಿಸಿದ. ಮತ್ತೆ ಬಂತು. ಪಾಚಿ ಹಿಡಿದ ಎಲೆಗಳನ್ನು ತನ್ನ ಕತ್ತರಿಯಿಂದಲೇ ಕತ್ತರಿಸಿದ. ಆಮೇಲೆ, ಇನ್ನೂ ಎಲ್ಲೆಲ್ಲಿ ಉಳಿದಿದೆ ಎಂದು ಕಾಣಲಿ ಎಂದು ತೊಟ್ಟಿಯ ಮೇಲೆ ದೊಡ್ಡದೊಂದು ದೀಪ ಹಾಕಿಸಿದ. ಅಂಗಡಿ ತೆರೆದಾಗ ಹಚ್ಚಿದರೆ ಬಾಗಿಲು ಹಾಕುವಾಗಲೇ ಆರಿಸುತ್ತಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಚಿಗೆ ಬೇಕಾದದ್ದು ಬೆಳಕು, ಮತ್ತೆ ನೀರಿನಲ್ಲಿ ಉಳಿದ ಎಂಜಲು. ಗಿಡಗಳು ಚೆನ್ನಾಗಿದ್ದರೆ ಆ ಎಂಜಲಿನ ಸಾರವನ್ನು ಅವೇ ಹೀರಿಕೊಳ್ಳುತ್ತವೆ, ಪಾಚಿಗೆ ಉಳಿಯುವುದಿಲ್ಲ. ಅವನು ಗಿಡಗಳನ್ನು ಕತ್ತರಿಸಿದ, ಬೆಳಕನ್ನು ಹೆಚ್ಚಿಸಿದ. ಅಂದರೆ, ಪಾಚಿಯನ್ನು ಹುಡುಕಲು ಹಚ್ಚಿದ ದೀಪವೇ ಪಾಚಿಗೆ ಊಟವಾಯಿತು. ಅವನಿಗೆ ಇದು ತಿಳಿದಿರಲಿಲ್ಲ.

ಹಬ್ಬ ಹತ್ತಿರ ಬಂತು. ರವಿಕೆ ಹೊಲಿಯಲು ಕೊಟ್ಟಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು. “ಏನಣ್ಣಾ, ಗೌರಮ್ಮನ್ನ ನೀರಿಗೆ ಬಿಟ್ಟ ಮೇಲೆ ಕೊಡ್ತೀಯಾ?” ಎಂದು ಒಬ್ಬಳು ರೇಗಿಸಿದಳು. ದರ್ಜಿ ಹಸಿರು ಹತ್ತಿದ ಕೈ ಒರೆಸಿಕೊಂಡ. ಬುತ್ತಿ ತಂದಿದ್ದ ಹೆಂಡತಿ ತೊಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು.

“ಅಲ್ಲಾ ಕಣ್ರೀ, ಅವಳು ನೋಡ್ಕೋ ಅಂತ ಬಿಟ್ಟು ಹೋಗಿದ್ದು ಮೀನನ್ನೋ, ಪಾಚೀನೋ?” ಎಂದಳು.

ದರ್ಜಿ ತುಂಬ ದಣಿದಿದ್ದ. ಆ ಹಸಿರನ್ನು ಇನ್ನೊಂದು ಸಲ ನೋಡುವ ಶಕ್ತಿ ಇರಲಿಲ್ಲ. ದೀಪ ಆರಿಸಿದ. ಪರದೆ ಹೊಲಿಯಲು ಬಂದಿದ್ದ ದಪ್ಪ ಬಟ್ಟೆಯನ್ನು ತೊಟ್ಟಿಯ ಮೇಲೆ ಎಳೆದು, ರವಿಕೆ ಹೊಲಿಯಲು ಕುಳಿತ. ಉಪಾಯವೆಂದು ಮುಚ್ಚಿದ್ದಲ್ಲ, ಸೋತು ಮುಚ್ಚಿದ್ದು. ಅಂದಿನಿಂದ ಹೆಂಡತಿಯೇ ಬಟ್ಟೆಯ ಅಂಚು ಎತ್ತಿ ಚೂರು ಮೇವು ಹಾಕುತ್ತಿದ್ದಳು.

ಹಬ್ಬದ ಹಿಂದಿನ ದಿನ ಮಗಳು ಬಂದಳು. ಬಂದವಳೇ ಬಟ್ಟೆ ಸರಿಸಿದಳು. ದರ್ಜಿ ತಲೆ ತಗ್ಗಿಸಿದ. ಆದರೆ ನೀರು ತಿಳಿಯಾಗಿತ್ತು. ಕತ್ತಲೆಯಲ್ಲಿ ಪಾಚಿ ಸೊರಗಿ ತಳಕ್ಕೆ ಇಳಿದಿತ್ತು. ಪೂರ್ತಿ ಹೋಗಿತ್ತು ಎಂದು ನಾನು ಹೇಳುವುದಿಲ್ಲ, ಒಂದು ಮೂಲೆಯಲ್ಲಿ ಇನ್ನೂ ಇತ್ತು. ಮಗಳು ಆ ಮೂಲೆಯ ಕಡೆ ನೋಡಲೇ ಇಲ್ಲ. ಮೀನುಗಳನ್ನು ಒಂದೊಂದಾಗಿ ನೋಡಿದಳು.

“ಅಪ್ಪಾ, ಬಾಲ ಸೀಳಿತ್ತಲ್ಲ, ಆ ಪುಟ್ಟ ಮೀನೆಲ್ಲಿ?”

ದರ್ಜಿಗೆ ಗೊತ್ತಿರಲಿಲ್ಲ. ಪಾಚಿ ಯಾವ ಎಲೆಯ ಮೇಲೆ ಎಷ್ಟಿತ್ತು ಎಂದು ಕೇಳಿದ್ದರೆ ಹೇಳುತ್ತಿದ್ದ. ಆ ಮೀನು ಬಟ್ಟೆ ಮುಚ್ಚಿದ ಮೇಲೆ ಸತ್ತಿತೋ, ಅದಕ್ಕೂ ಮುಂಚೆ ಅವನು ಹೊರಗೆ ಚೆಲ್ಲಿದ ನೀರಿನ ಜೊತೆಗೇ ಹೋಯಿತೋ, ಅವನಿಗೆ ಹೇಳಲಾಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರವಾಯಿತು. “ತಿಳಿಯಿತು, ಬುದ್ಧಿ. ಸಿಟ್ಟನ್ನೇ ನೋಡುತ್ತ ಕುಳಿತರೆ ಅದು ಬೆಳೆಯುತ್ತದೆ. ಇವತ್ತಿನಿಂದ ನನ್ನ ಸಿಟ್ಟಿನ ಮೇಲೂ ಒಂದು ಬಟ್ಟೆ ಎಳೆದುಬಿಡುತ್ತೇನೆ,” ಎಂದ.

ಗುರುಗಳು ಅಡುಗೆಮನೆಯ ಕಡೆ ನೋಡಿ ಕೇಳಿದರು:

“ಮಾದಯ್ಯ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನೋಡಿದೆಯಾ?”