ಬೀಳುವ ಮೊದಲೇ ಕೇಳಿದ ಕ್ಷಮೆ

ದಿನಸಿ ಅಂಗಡಿಯೊಂದರ ಎತ್ತರದ ಹಲಗೆಯ ಮೇಲೆ ಐದು ಕೆಜಿಯ ತೂಕದ ಬಟ್ಟೂ ನೂರು ಗ್ರಾಮಿನ ಪುಟ್ಟ ಬಟ್ಟೂ ಅಕ್ಕಪಕ್ಕ ಕೂತಿದ್ದವು. ಹಲಗೆಗೆ ಗೆದ್ದಲು ಹಿಡಿದಿತ್ತು.

"ಇದು ಮುರಿದರೆ ಭಾರವಾದ ನಾನೇ ಮೊದಲು ನೆಲ ಸೇರುತ್ತೇನೆ. ನೀನು ನಿಧಾನವಾಗಿ ಬಂದು ನನ್ನ ತಲೆಯ ಮೇಲೆ ಬೀಳುತ್ತೀಯೆ. ಆ ಅವಮಾನಕ್ಕೆ ಈಗಲೇ ಕ್ಷಮೆ ಕೇಳಿಬಿಡು," ಎಂದಿತು ದೊಡ್ಡ ಬಟ್ಟು.

ಅಂದಿನಿಂದ ಪುಟ್ಟ ಬಟ್ಟು ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದುಕೊಳ್ಳುತ್ತಿದ್ದಂತೆ, "ತಪ್ಪಾಯಿತು, ದೊಡ್ಡಪ್ಪ," ಎನ್ನುತ್ತಿತ್ತು. ಇನ್ನೂ ಮಾಡದ ತಪ್ಪನ್ನು ನೆನೆದು ಅದರ ಜೀವ ಹಿಡಿಯಾಗುತ್ತಿತ್ತು.

ಒಂದು ದಿನ ಹಲಗೆ ಲಟಕ್ಕನೆ ಮುರಿಯಿತು. ಧಡ್ ಎಂದು ಒಂದೇ ಸದ್ದಾಯಿತು. ಮಣ್ಣಿನ ನೆಲದಲ್ಲಿ ಅರ್ಧ ಹೂತ ದೊಡ್ಡ ಬಟ್ಟು, ತಲೆಯ ಮೇಲೆ ಬೀಳಲಿರುವ ಪೆಟ್ಟನ್ನು ಕಾಯುತ್ತಾ ಕೂತಿತು. ಪೆಟ್ಟು ಬೀಳಲೇ ಇಲ್ಲ.

"ಎಲ್ಲಿದ್ದೀಯೋ?"

"ನಿಮ್ಮ ಪಕ್ಕದಲ್ಲೇ, ದೊಡ್ಡಪ್ಪ."

"ಯಾವಾಗ ಬಂದೆ?"

"ನಿಮ್ಮ ಜೊತೆಗೇ."

ದೊಡ್ಡ ಬಟ್ಟು ಮೆಲ್ಲಗೆ, "ಹಾಗಾದರೆ ಇಷ್ಟು ದಿನ ಯಾಕೆ ಕ್ಷಮೆ ಕೇಳಿದೆ?" ಎಂದಿತು.

"ಭಾರವಾದವರು ನೀವು ಹೇಳಿದಿರಿ, ನಾನು ನಂಬಿದೆ. ನಮ್ಮಿಬ್ಬರಲ್ಲಿ ಬಿದ್ದು ನೋಡಿದವರು ಯಾರಿದ್ದರು?"