ನಟ್ಟನಡುವಿನ ಕುರ್ಚಿ

“ನಾ ಬೈದಿದ್ದು ಎರಡೇ ಮಾತು ರೀ ಅಜ್ಜಾರ. ಅಷ್ಟಕ್ಕ ಆಕಿ ಬಿಟ್ಟು ಹೋಗಬೇಕೇನ್ರಿ?”

ಗುರುಗಳನ್ನು ಹೀಗೆ ಕೇಳಿದವನು ಮುಪ್ಪಯ್ಯ. ಆಶ್ರಮದ ಅಡುಗೆಮನೆಯ ಉಸ್ತುವಾರಿ ಅವನದು. ‘ಆಕಿ’ ಎಂದರೆ ನೀಲವ್ವ, ಹನ್ನೊಂದು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಆ ದಿನ ಬೆಳಿಗ್ಗೆ ಬೇಳೆ ತಳ ಹಿಡಿದಿತ್ತು. ಮುಪ್ಪಯ್ಯ ಎಲ್ಲರೆದುರು ಎರಡು ಮಾತು ಅಂದಿದ್ದ. ನೀಲವ್ವ ಕೈ ತೊಳೆದುಕೊಂಡು, ಬಟ್ಟೆಯ ಗಂಟು ಹಿಡಿದು, ಬಸ್ ನಿಲ್ದಾಣಕ್ಕೆ ಹೋಗಿ ಕೂತಿದ್ದಳು. ಮಧ್ಯಾಹ್ನದ ತನಕ ಬಸ್ ಇರಲಿಲ್ಲ.

ಗುರುಗಳು ಸಿಟ್ಟಾಗುವುದು ಕಡಿಮೆ. ಅಂದು ಅವರ ಮುಖ ಕೆಂಪೇರಿತು. ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕುಕ್ಕಿ ಇಟ್ಟರು.

“ಕೂಡು. ಒಬ್ಬ ಹೆಡ್ಡನ ಕತಿ ಹೇಳ್ತೀನಿ” ಎಂದರು. ಅವರು ಹೇಳಿದ ಕತೆ ಇದು.

ಒಬ್ಬ ವೈರಿಂಗ್ ಕೆಲಸದವನಿದ್ದ. ಒಂದೇ ಕೋಣೆಯ ಮನೆ. ಹೆಂಡತಿ ಆ ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಕುಪ್ಪಸ ಹೊಲಿಯುತ್ತಿದ್ದಳು. ವೈರಿಂಗಿನವನಿಗೆ ಹಾಡಿನ ಹುಚ್ಚು. ಅದರಲ್ಲೂ ತಳದ ದನಿ, ತಬಲಾದ ಎಡದ ಗುಮುಕು, ಅದು ಎದೆಗೆ ಬಂದು ತಾಗಬೇಕು. ಅಂಗಡಿಯಲ್ಲಿ ಸಿಗುವ ಸಬ್‌ವೂಫರ್ ಪೆಟ್ಟಿಗೆ ಅವನ ಮನಸ್ಸಿಗೆ ಹಿಡಿಸಲಿಲ್ಲ. ತಾನೇ ಮಾಡುತ್ತೇನೆ ಎಂದ. ಹನ್ನೆರಡು ಇಂಚಿನ ಸ್ಪೀಕರ್ ತಂದ. ಅದಕ್ಕೆ ಎಷ್ಟು ಲೀಟರ್ ಗಾಳಿ ಹಿಡಿಯುವ ಪೆಟ್ಟಿಗೆ ಬೇಕೆಂದು ಕಾಗದದ ಮೇಲೆ ಮೂರು ದಿನ ಲೆಕ್ಕ ಹಾಕಿದ. ಗೆಳೆಯನೊಬ್ಬ ಬಡಗಿ. ಅವನು ಹಲಗೆ ಕೊಯ್ದು, ಅಂಟು ಹಚ್ಚಿ, ತಿರುಪು ಬಿಗಿದು ಕೊಟ್ಟ. ಒಳ್ಳೆಯ ಕೆಲಸ. ಇರುವೆ ನುಗ್ಗದಂಥ ಕೀಲು.

ಪೆಟ್ಟಿಗೆಯನ್ನು ಒಂದು ಗೋಡೆಗೆ ಒತ್ತಿ ಇಟ್ಟರು. ಇನ್ನು ಕೂತು ಕೇಳುವ ಜಾಗ. ಹೆಡ್ಡ ಟೇಪು ಹಿಡಿದು ಕೋಣೆಯ ಉದ್ದ ಅಳೆದ, ಅಗಲ ಅಳೆದ. ನಟ್ಟನಡುವೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಲ್ಲಿ ಕುರ್ಚಿ ಹಾಕಿದ. ನಾಲ್ಕೂ ಗೋಡೆಯ ದನಿ ಸರಿಸಮ ಬಂದು ಸೇರುವುದು ಅಲ್ಲೇ ಎಂದು ಅವನ ಎಣಿಕೆ. ದನಿ ಏರಿಸುವ ತಿರುಗಣೆ ಕೈಗೆಟಕುವಂತೆ ಪಕ್ಕದಲ್ಲಿಟ್ಟುಕೊಂಡ.

ಹಾಡು ಹಚ್ಚಿದ. ತಳದ ದನಿಯೇ ಇಲ್ಲ! ಡಬ್ಬ ಬಡಿದಂತೆ ಕೇಳಿಸಿತು. ಅವನಿಗೆ ಕೋಪ ನೆತ್ತಿಗೇರಿತು. ಬಡಗಿಯನ್ನು ಕರೆಸಿ, ನಿನ್ನ ಕೀಲು ಗಾಳಿ ಬಿಡುತ್ತಿವೆ ಎಂದು ಕೂಗಾಡಿದ. ಬಡಗಿ ಊದುಬತ್ತಿ ಹಚ್ಚಿ, ಹಾಡು ನಡೆಯುತ್ತಿರುವಾಗಲೇ ಒಂದೊಂದು ಕೀಲಿಗೂ ಹಿಡಿದು ತೋರಿಸಿದ. ಗಾಳಿ ಸೋರಿದರೆ ಹೊಗೆ ಅಲ್ಲಾಡಬೇಕು. ಹೊಗೆ ನೆಟ್ಟಗೆ ಮೇಲೆ ಹೋಯಿತು. ವೈರಿಂಗಿನವನು ಊದುಬತ್ತಿಯೇ ಸರಿಯಿಲ್ಲ ಎಂದ.

ಮೂಲೆಯಿಂದ ಹೆಂಡತಿ ಹೇಳಿದಳು: “ದನಿ ಭಾಳ ಆತ್ರಿ. ಎದಿ ನಡಗತೈತಿ.” ನಿನಗೆ ಹಾಡಿನ ಗಂಧವೇ ಇಲ್ಲ ಎಂದು ಅವನು ಅವಳ ಬಾಯಿ ಮುಚ್ಚಿಸಿದ. ನೋಡು, ಅವನಿಗೆ ಕಿವಿ ಇತ್ತು. ಬರೀ ಕಿವಿ ಇದ್ದರೆ ಏನು ಬಂತು?

ಎರಡನೆಯ ಪೆಟ್ಟಿಗೆ ಮಾಡಿಸಿದ. ಮೊದಲಿನದಕ್ಕಿಂತ ದೊಡ್ಡದು, ಹಲಗೆಯೂ ದಪ್ಪ. ಪಕ್ಕದ ಹಲಗೆ ಕಂಪಿಸಬಾರದೆಂದು ಒಳಗೆ ಅಡ್ಡಪಟ್ಟಿ. ಗಾಳಿ ಹೋಗಿಬರಲು ಮುಂದೆ ಒಂದು ಪಿವಿಸಿ ಕೊಳವೆ. ಸ್ಪೀಕರಿನ ಅಯಸ್ಕಾಂತ ಎಷ್ಟು ಜಾಗ ತಿನ್ನುತ್ತದೆ, ಪಟ್ಟಿಗಳು ಎಷ್ಟು ತಿನ್ನುತ್ತವೆ, ಎಲ್ಲ ಕಳೆದು ಲೆಕ್ಕ ಮಾಡಿದ್ದ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ನನಗೆ ಮೈ ಉರಿಯುವುದೇ ಇದಕ್ಕೆ. ಪೆಟ್ಟಿಗೆಯ ಒಳಗಿನ ಗಾಳಿಯನ್ನೆಲ್ಲ ಅಳೆದ ಮನುಷ್ಯ ಅವನು! ತಾನು ಕೂತ ಜಾಗದ ಬಗ್ಗೆ ಮಾತ್ರ ಒಂದು ಗಳಿಗೆ ಅನುಮಾನಪಡಲಿಲ್ಲ.

ಕುರ್ಚಿಯಲ್ಲಿ ಕೂತ. ಮತ್ತೆ ಅದೇ ಸಪ್ಪೆ ದನಿ. ತಿರುಗಣೆಯನ್ನು ಇನ್ನಷ್ಟು ಏರಿಸಿದ. ಮೂಲೆಯಲ್ಲಿ ಹೆಂಡತಿಯ ಸೂಜಿ ಮುರಿಯಿತು. ಗೂಡಿನಿಂದ ತಾಟು ಜಾರಿ ಬಿತ್ತು. ಅದಕ್ಕೂ ಅವಳನ್ನೇ ಬೈದ. ತಾಟು ಸರಿಯಾಗಿ ಇಡಲು ಬರುವುದಿಲ್ಲವಂತೆ ಅವಳಿಗೆ!

ಬಡಗಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಗೋಡೆಯ ನಡುಕ ಅವನ ಬೆನ್ನಿಗೇ ತಾಗುತ್ತಿತ್ತು. ಅವನು ಸಮಾಧಾನದಿಂದಲೇ ಹೇಳಿದ: “ಒಂದ್ ಸಲ ಎದ್ದು ಇಲ್ಲಿ ಬಂದು ನಿಂತು ನೋಡೋ. ಇಲ್ಲಿ ಗುಡುಗಿದಂಗ ಕೇಳತೈತಿ.”

“ನನ್ನ ಮನ್ಯಾಗ ನಾ ಎಲ್ಲಿ ಕೂಡಬೇಕಂತ ನೀ ಹೇಳ್ತೀಯೇನು? ನಿನ್ನ ಕೆಲಸ ಹಲಗಿ ಕೊಯ್ಯೋದು. ಕೊಯ್ಯಿ.”

ಬಡಗಿ ತನ್ನ ಉಳಿ, ಕೊಡತಿ ಎತ್ತಿ ಚೀಲಕ್ಕೆ ಹಾಕಿಕೊಂಡ. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತು ವರ್ಷದ ಗೆಳೆತನ. ವೈರಿಂಗಿನವನು ಕುರ್ಚಿಯಿಂದ ಏಳಲೂ ಇಲ್ಲ.

ಮೂರನೆಯದನ್ನು ತಾನೇ ಮಾಡಿದ. ಕೀಲು ಒರಟಾದವು. ಆದರೂ ಪೆಟ್ಟಿಗೆ ಗಟ್ಟಿಯಾಗಿಯೇ ಬಂತು. ಕೊಳವೆಯನ್ನು ಒಮ್ಮೆ ಉದ್ದ ಮಾಡಿದ, ಒಮ್ಮೆ ಗಿಡ್ಡ ಮಾಡಿದ. ದಿನಾ ಸಂಜೆ ಕೆಲಸದಿಂದ ಬಂದವನೇ ಕುರ್ಚಿಯಲ್ಲಿ ಕೂರುವುದು, ಹಾಡು ಹಚ್ಚುವುದು, ಹಲ್ಲು ಕಡಿಯುವುದು. ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಹೊಲಿದಳು. ತಳದ ದನಿ ಹತ್ತಿಗೆ ನಿಲ್ಲುತ್ತದೆಯೇ? ಅದು ನೆಲದಿಂದ ಬರುತ್ತದೆ, ಮೂಳೆಯಿಂದ ಬರುತ್ತದೆ. ತಲೆನೋವಿಗೆ ಪಟ್ಟಿ ಕಟ್ಟಿಕೊಂಡಳು. ಕೊನೆಗೆ ಒಂದು ಸಂಜೆ ಯಂತ್ರ ನಿಲ್ಲಿಸಿ ಅವನ ಮುಂದೆ ಬಂದು ನಿಂತಳು.

“ಒಂದ ಒಂದು ಹಾಡು ನನ್ನ ಜಾಗಾದಾಗ ಕೂತು ಕೇಳ್ರಿ. ಆಮ್ಯಾಲೆ ನೀವು ಏನ್ ಮಾಡಿದ್ರೂ ನಾ ಕೇಳಂಗಿಲ್ಲ.”

“ಸುಮ್ಮನ ಕೂಡು” ಎಂದ ಅವನು.

ಎರಡೇ ಮಾತು, ಮುಪ್ಪಯ್ಯ. ಎಣಿಸಿಕೋ. ಅವಳು ಯಂತ್ರಕ್ಕೆ ಮುಸುಕು ಹಾಕಿ, ಎರಡು ಸೀರೆ ತೆಗೆದುಕೊಂಡು ಅಕ್ಕನ ಊರಿಗೆ ಹೋದಳು. ಅವನು ಓಣಿಯವರ ಮುಂದೆಲ್ಲ ಹೇಳಿಕೊಂಡು ತಿರುಗಿದ. ತಿರುಗಣೆ ಅರ್ಧಕ್ಕಿಂತ ಮೇಲೆ ಹೋಗಿರಲಿಲ್ಲವಂತೆ. ಅಷ್ಟಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಕೇಳಿದ. ನೀನು ಈಗ ನನ್ನನ್ನು ಕೇಳಿದ ಹಾಗೆಯೇ ಕೇಳಿದ.

ಎಂಟು ದಿನವಾಯಿತು. ಒಂದು ಮಧ್ಯಾಹ್ನ ಯಾರೋ ಹೆಂಗಸು ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಿಕೊಂಡು ಬಂದಳು. ಹಾಡು ನಡೆಯುತ್ತಿತ್ತು. ಗೊಣಗಿಕೊಂಡು ಕುರ್ಚಿಯಿಂದ ಎದ್ದ. ಮೂಲೆಗೆ ಹೋಗಿ ಬಟ್ಟೆಯ ಗಂಟಿಗೆ ಬಗ್ಗಿದ.

ಅಲ್ಲಿತ್ತು ದನಿ. ಅವನು ಮೂರು ಪೆಟ್ಟಿಗೆ ಕಟ್ಟಿ ಹುಡುಕಿದ ದನಿಯೆಲ್ಲ ಆ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಎದೆಗೆ ಗುದ್ದಿತು. ಹಲ್ಲು ಕಟಕಟ ಅಂದವು. ಯಂತ್ರದ ಹಲಗೆಯ ಮೇಲಿದ್ದ ಕತ್ತರಿ ತಾನಾಗಿಯೇ ಸರಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ತಳದ ದನಿ ಗೋಡೆಗೆ, ಮೂಲೆಗೆ ಹೋಗಿ ಒಟ್ಟಾಗುತ್ತದೆ. ನಟ್ಟನಡುವೆ ಸತ್ತುಹೋಗುತ್ತದೆ. ಇಷ್ಟೇ ಸಂಗತಿ. ಬಡಗಿಯ ತಪ್ಪಿರಲಿಲ್ಲ. ಹಲಗೆಯದೂ ಇಲ್ಲ, ಊದುಬತ್ತಿಯದೂ ಇಲ್ಲ. ದನಿ ಏರಿಸುವವನ ಕುರ್ಚಿಯಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ.

ಹಾಡು ಮುಗಿಯುವ ತನಕ ಅಲ್ಲಿ ನಿಲ್ಲಲು ಅವನಿಂದ ಆಗಲಿಲ್ಲ. ಓಡಿ ಬಂದು ಆರಿಸಿದ. ಅವಳು ಆ ಮೂಲೆಯಲ್ಲಿ ಏಳು ತಿಂಗಳು ಕೂತಿದ್ದಳು! ಏಳು ತಿಂಗಳು, ಅದೂ ಬೈಸಿಕೊಂಡು! ಅಂಥವನನ್ನು ಏನು ಮಾಡಬೇಕು ಹೇಳು? ಎಳೆದು ಅದೇ ಮೂಲೆಗೆ ಕಟ್ಟಿಹಾಕಬೇಕು.

ಗುರುಗಳ ಉಸಿರು ಜೋರಾಗಿತ್ತು. ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದು ಮತ್ತೆ ಹೇಳಿದರು. ಅವನು ಕೊಡಲಿ ತಂದು ಪೆಟ್ಟಿಗೆಯನ್ನು ಸೀಳಿದ. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಅವಳ ಅಕ್ಕನ ಊರಿನ ದಾರಿ ಹಿಡಿದ. ಅಲ್ಲಿಗೆ ಕತೆ ನಿಲ್ಲಿಸಿ ಗುರುಗಳು ಅಂಗಳದ ಕಡೆ ನೋಡುತ್ತ ಕೂತರು.

ಮುಪ್ಪಯ್ಯನಿಗೆ ಎದೆ ಹಗುರಾಯಿತು. ಮುಗುಳ್ನಗುತ್ತ ಕೇಳಿದ: “ಅಂದಮ್ಯಾಲ ಆಕಿ ತಿರುಗಿ ಬಂದಿರಬೇಕಲ್ರಿ ಅಜ್ಜಾರ?”

“ಬಂದಿದ್ರ ನಾ ಈ ಆಶ್ರಮದಾಗ ಯಾಕ ಇರ್ತಿದ್ನೋ?”